ಮಂಜಿನಲ್ಲಿ ಬಾಣ ತೋರಿಸಿದ ದಿಕ್ಕು

ಹೆಸರು: ಆಂಜಿ, ತಂದೆ ಗಾದಿಲಿಂಗಪ್ಪ. ವಯಸ್ಸು: 20. ಕೆಲಸ: ಎಂಟು ತಿಂಗಳಿಂದ ನದಿ ಸರ್ವೆಯ ದೋಣಿ ನಡೆಸುವುದು, ಅದಕ್ಕೂ ಮೊದಲು ಪಂಚರ್ ಅಂಗಡಿ, ಹತ್ತಿ ಮಿಲ್ಲು, ಡಿಜೆ ಟ್ರ್ಯಾಕ್ಟರ್. ವಾಸ: ಪೆದ್ದಕಡುಬೂರು, ಕರ್ನೂಲು ಜಿಲ್ಲೆ.

ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು. ಓದಿದ್ದು ಕನ್ನಡ ಮಾಧ್ಯಮ. ಠಾಣೆಯಲ್ಲಿ ತೆಲುಗಿನಲ್ಲಿ ಬರೆದುಕೊಳ್ಳುತ್ತೇವೆ ಎಂದರು. ನನ್ನ ಮಾತು ನನ್ನ ಕೈಯಲ್ಲೇ ಇರಲಿ ಎಂದು ಕೇಳಿಕೊಂಡು ಇದನ್ನು ನಾನೇ ಬರೆದು ಕೊಡುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ತಿಳಿಸಬೇಕಾದದ್ದು: ನನಗೆ ಈಜು ಬರುವುದಿಲ್ಲ. ಕೆಲಸಕ್ಕೆ ಸೇರುವ ದಿನ ಬರುತ್ತದೆ ಎಂದು ಹೇಳಿದ್ದೆ. ಈ ಎಂಟು ತಿಂಗಳು ಮನೆಯಲ್ಲೂ ನಿಜ ಹೇಳಿಲ್ಲ.

ನಮ್ಮ ಕೆಲಸ ತುಂಗಭದ್ರೆಯ ಆಳ ಅಳೆಯುವುದು. ಎರಡು ಪ್ಲಾಸ್ಟಿಕ್ ಕಯಾಕ್‌ಗಳಿವೆ. ಒಂದೊಂದರಲ್ಲಿ ಒಬ್ಬರೇ ಕೂರುವುದು. ಮುಂದಿನದರಲ್ಲಿ ನಾನು, ಕೈಯಲ್ಲಿ ಹಿಡಿಯುವಂಥ ಜಿಪಿಎಸ್ ದೋಣಿಯ ಮೂತಿಗೆ ಕೂರಿಸಿರುತ್ತೇವೆ. ಆಳ ಅಳೆಯಬೇಕಾದ ಮುಂದಿನ ಗುರುತು ಯಾವ ಕಡೆ, ಎಷ್ಟು ಮೀಟರ್ ಎಂದು ಅದರಲ್ಲಿ ಒಂದು ಬಾಣ ತೋರಿಸುತ್ತದೆ. ಹಿಂದಿನ ದೋಣಿಯಲ್ಲಿ ಆಳ ಅಳೆಯುವ ಯಂತ್ರದೊಂದಿಗೆ ಸರ್ವೆಯರ್ ಹರೀಶ, 27 ವರ್ಷ, ಆದೋನಿಯವರು.

ದಿನಾಂಕ 9ರಂದು ಜಿಪಿಎಸ್ ಹಿಡಿಕೆಯ ತಿರುಪು ನನ್ನ ಕೈಯಿಂದ ಮುರಿಯಿತು. ಹೊಸದು ಬರಲು ವಾರ ಬೇಕಿತ್ತು. ಡಿಜೆ ಟ್ರ್ಯಾಕ್ಟರಿನ ಸುಟ್ಟುಹೋದ ಸ್ಪೀಕರಿನ ಅಯಸ್ಕಾಂತ ನನ್ನ ಬಳಿ ಇತ್ತು. ದೋಣಿಯ ಮೂತಿಗೆ ಕಬ್ಬಿಣದ ತಗಡೊಂದನ್ನು ಬೋಲ್ಟ್ ಹಾಕಿ ಬಿಗಿದೆ. ಅಯಸ್ಕಾಂತವನ್ನು ಜಿಪಿಎಸ್ ಬೆನ್ನಿಗೆ ಟೇಪಿನಿಂದ ಸುತ್ತಿದೆ. ಇಟ್ಟರೆ ಟಕ್ ಎಂದು ಕೂರುತ್ತಿತ್ತು. ಹರೀಶ ಅದನ್ನು ನಾಲ್ಕು ಸಲ ಕಿತ್ತು ಕೂರಿಸಿ, "ಸಾಲಿ ಬಿಟ್ಟು ಕೆಟ್ಟಿಯಲೇ, ಇಂಜಿನಿಯರ್ ಆಗಾಂವ ನೀನು" ಎಂದರು. ಮನೆಗೆ ಹೋಗಿ ಈ ಮಾತನ್ನು ಅವ್ವನಿಗೆ ಹೇಳಿದ್ದೆ.

ದಿನಾಂಕ 10ರ ಮಧ್ಯಾಹ್ನ ಪುಟ್ಟಿಯಲ್ಲಿ, ಅಂದರೆ ದುಂಡು ಹರಿಗೋಲಿನಲ್ಲಿ, ಮೀನು ಹಿಡಿಯುವ ಸುಂಕಣ್ಣನ ಬಲೆ ನಮ್ಮ ಹುಟ್ಟಿಗೆ ಸಿಕ್ಕಿ ಹರಿಯಿತು. ಆತ ಹರೀಶರಿಗೂ ನನಗೂ ಬೈದದ್ದು ನಿಜ. ಅದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ.

ದಿನಾಂಕ 11ರಂದು ಬೆಳಿಗ್ಗೆ 6.10ಕ್ಕೆ ನಂದವರಂ ಕಡೆಯ ದಂಡೆಯಿಂದ ನೀರಿಗಿಳಿದೆವು. ಮಂಜು ಎಷ್ಟಿತ್ತೆಂದರೆ ಇಪ್ಪತ್ತು ಅಡಿ ಆಚೆ ಏನೂ ಕಾಣುತ್ತಿರಲಿಲ್ಲ. ನಾನು ಲೈಫ್ ಜಾಕೆಟ್ಟಿನ ಮೂರೂ ಪಟ್ಟಿ ಬಿಗಿದಿದ್ದೆ. ಹರೀಶ ತಮ್ಮದನ್ನು ಮಡಚಿ ಕೂರಲು ಹಾಕಿಕೊಂಡಿದ್ದರು. "ಈಜು ಬರಾಂವಗ ಯಾಕಲೇ ಇದು? ಹೊಸ ಮದಲಿಂಗ ಕಂಡಂಗ ಕಾಣ್ತಿ" ಎಂದು ನಕ್ಕರು. ಚಳಿಗೆ ಎಂದೆ.

6.40ಕ್ಕೆ ಆರನೇ ಗುರುತಿನಲ್ಲಿ ಆಳ ನೋಡಲು ನಿಂತೆವು. ಅಲ್ಲಿ ನೀರು ಹರಿಯುವುದೇ ಗೊತ್ತಾಗುವುದಿಲ್ಲ. ದೋಣಿಗಳು ತಮ್ಮಷ್ಟಕ್ಕೆ ತಿರುಗಿ, ದಂಡೆ ಯಾವ ಕಡೆ ಎಂಬುದು ನಮಗೆ ತಪ್ಪಿತು. ಏಳನೇ ಗುರುತು 140 ಮೀಟರ್ ದೂರವಿತ್ತು. ಬಾಣ ತೋರಿಸಿದ ಕಡೆ ನಿಧಾನವಾಗಿ ಹುಟ್ಟು ಹಾಕಿದೆ.

ಆಗ ಹಿಂದಿನಿಂದ ಬಡಿತ ಕೇಳಿತು. ಮಂಜಿನಲ್ಲಿ ದಿಕ್ಕು ತಪ್ಪಿದವರಿಗೆ ಪುಟ್ಟಿಯವರು ಹುಟ್ಟಿನಿಂದ ಪುಟ್ಟಿಯ ಅಂಚಿಗೆ ಮೂರು ಮೂರು ಸಲ ಬಡಿಯುತ್ತಾರೆ. ಈ ಕಡೆ ಬಂದರೆ ದಂಡೆ ಎಂದು ಅದರ ಅರ್ಥ. ಸುಂಕಣ್ಣನ ದನಿಯೂ ಕೇಳಿತು: "ಲೇ, ಒಡ್ಡಿನ ಬಾಯಿಗೆ ಹೊಂಟೀರಿ! ನನ್ನ ಬಡಿತ ಹಿಡದು ಬರ್ರಿ!" ಹರೀಶ, "ಬಲಿ ಹರದ ಸಿಟ್ಟು, ನಮ್ಮನ್ನ ಆಡಸಾಕ ಹತ್ಯಾನ. ಬಾಣ ಏನ್ ಹೇಳ್ತೈತಿ?" ಎಂದು ಕೇಳಿದರು. ಮುಂದಕ್ಕೆ ಎಂದೆ. ಎಷ್ಟು ದೂರ ಎಂದರು. 163 ಎಂದೆ. ಸಂಖ್ಯೆ ಇಳಿಯಬೇಕಿತ್ತು, ಏರುತ್ತಿತ್ತು. ಹರೀಶ, "ಸ್ಯಾಟಲೈಟ್ ಸರಿಯಾಗಿ ಸಿಕ್ಕಿಲ್ಲ, ನಡಿ ನಡಿ" ಎಂದರು. ನಾನು ನಡೆದೆ. ಬಡಿತ ನಿಲ್ಲಲಿಲ್ಲ. ಮೂರು, ಮತ್ತೆ ಮೂರು.

6.55ಕ್ಕೆ ನೀರಿನ ಸದ್ದು ಕೇಳಿತು. ಹಳೆಯ ಕಲ್ಲಿನ ಒಡ್ಡು ಒಡೆದು ನೀರು ಧುಮುಕುವ ಜಾಗ ಅದು. ಹಿಂದಕ್ಕೆ ಹುಟ್ಟು ಹಾಕಿದರೂ ದೋಣಿ ಮುಂದಕ್ಕೇ ಹೋಯಿತು. ನನ್ನ ದೋಣಿ ಎರಡು ಕಲ್ಲುಗಳ ನಡುವೆ ಸಿಕ್ಕಿತು. ಹರೀಶರ ದೋಣಿ ನನ್ನನ್ನು ದಾಟಿ, ಕಲ್ಲಿಗೆ ಬಡಿದು ಮಗುಚಿತು. ಅವರು ಎರಡು ಸಲ ಮೇಲೆ ಬಂದರು. ಎರಡನೇ ಸಲ, "ಆಂಜೀ, ಬಾರಲೇ" ಎಂದರು. ನಡುವೆ ಹನ್ನೆರಡು ಅಡಿ ಇದ್ದಿರಬಹುದು. ನಾನು ಎರಡೂ ಕೈಯಿಂದ ಕಲ್ಲು ತಬ್ಬಿಕೊಂಡಿದ್ದೆ. ಹೋಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಬಂದ ಸುಂಕಣ್ಣ ಪುಟ್ಟಿಯನ್ನು ಒಡ್ಡಿನ ಮೇಲಿನ ಕಲ್ಲಿಗೆ ಕಟ್ಟಿ, ಹಗ್ಗ ಸೊಂಟಕ್ಕೆ ಸುತ್ತಿಕೊಂಡು ಹಾರಿದ. ಎಚ್ಚರ ತಪ್ಪಿದ್ದ ಹರೀಶರನ್ನು ಎಳೆದು ತಂದವನು ಆತ. ಆಮೇಲೆ ನನ್ನ ಬೆರಳುಗಳನ್ನು ಕಲ್ಲಿನಿಂದ ಒಂದೊಂದಾಗಿ ಬಿಡಿಸಿದವನೂ ಆತನೇ. "ಬಿಡಪ್ಪ, ನಾನದೀನಿ" ಎಂದ. ಆತನಿಗೆ 58 ವರ್ಷ.

ಅದೇ ಸಂಜೆ 5 ಗಂಟೆಗೆ ನಮ್ಮ ಸೂಪರ್‌ವೈಜರ್ ಚನ್ನಬಸಯ್ಯ ಠಾಣೆಗೆ ದೂರು ಕೊಟ್ಟು, ಬಲೆ ಹರಿದ ಸಿಟ್ಟಿಗೆ ಸುಂಕಣ್ಣ ಪುಟ್ಟಿ ಬಡಿದು ನಮ್ಮ ದಾರಿ ತಪ್ಪಿಸಿದ ಎಂದರು. ಸುಂಕಣ್ಣನನ್ನು ಠಾಣೆಗೆ ಕರೆತಂದರು. 7 ಗಂಟೆಗೆ ಚನ್ನಬಸಯ್ಯ ನನ್ನನ್ನು ಚಹಾ ಅಂಗಡಿಗೆ ಕರೆದು, ನಾನೂ ಹಾಗೇ ಬರೆಸಬೇಕು ಎಂದರು. "ಇಲ್ಲಂದ್ರ ಆ ಸ್ಪೀಕರ್ ಕಲ್ಲು ನಿನ್ನ ಕೊರಳಿಗೇ ಬೀಳತೈತಿ, ತಿಳಕ" ಎಂದರು. ಅವರು ಕೊಡಿಸಿದ ಚಹಾ ಬಿಟ್ಟು ಎದ್ದು ಬಂದೆ. ಅವರು ಹೇಳುವವರೆಗೆ ಆ ಅಯಸ್ಕಾಂತದ ಮೇಲೆ ನನಗೆ ಅನುಮಾನ ಇರಲಿಲ್ಲ.

ದಿನಾಂಕ 12ರ ಬೆಳಿಗ್ಗೆ ನಮ್ಮ ಕುರಿಹಟ್ಟಿಯ ಗೋಡೆಯ ಮೇಲೆ ಜಿಪಿಎಸ್ ಇಟ್ಟು ನೋಡಿದೆ. ಅಯಸ್ಕಾಂತ ಇದ್ದಾಗ ಉತ್ತರ ಎಂದು ಅದು ತೋರಿಸಿದ್ದು ಸೂರ್ಯ ಹುಟ್ಟುವ ಕಡೆ. ಟೇಪು ಕಿತ್ತ ಮೇಲೆ ಉತ್ತರ ಉತ್ತರಕ್ಕೆ ಬಂತು. ಹತ್ತು ಸಲ ಮಾಡಿದೆ. ದೋಣಿ ನಿಂತಾಗ, ನಿಧಾನವಾದಾಗ ಬಾಣ ಒಳಗಿನ ದಿಕ್ಸೂಚಿಯನ್ನು ನಂಬುತ್ತದೆ. ಆ ದಿಕ್ಸೂಚಿಯನ್ನು ಕೆಡಿಸಿದ್ದು ನಾನು ಕೂರಿಸಿದ ಅಯಸ್ಕಾಂತ. ಸುಂಕಣ್ಣ ಬಡಿದ ಕಡೆಯೇ ದಂಡೆ ಇತ್ತು. ನಾವು ಹೋದ ಗೆರೆ ಈ ಯಂತ್ರದಲ್ಲಿ ಉಳಿದಿದೆ. ಯಂತ್ರ, ತಗಡು, ಅಯಸ್ಕಾಂತ ಮೂರನ್ನೂ ಇದರ ಜೊತೆ ಒಪ್ಪಿಸಿದ್ದೇನೆ.

ಅವ್ವ ಉಚ್ಚಮ್ಮನಿಗೆ ಎಲ್ಲ ಹೇಳಿದೆ. ಆಕೆ, "ಸುಂಕಣ್ಣನ ಹೆಂಡ್ತಿ ಠಾಣೆ ಮುಂದ ಕುಂತಾಳಂತ. ಆಕಿ ಮುಂದ ಹಾದು ಒಳಗ ಹೋಗು, ಆಕಿಗಿ ಮಾರಿ ತೋರಿಸಿ ಹೋಗು" ಎಂದಳು. ಇವತ್ತು ಹಾಗೇ ಬಂದೆ. ನನ್ನನ್ನು ಏನು ಮಾಡುತ್ತಾರೋ ಎಂಬ ಭಯವಿದೆ.

ಹರೀಶರಿಗೆ ನಿನ್ನೆ ರಾತ್ರಿ ಕರ್ನೂಲಿನ ಆಸ್ಪತ್ರೆಯಲ್ಲಿ ಎಚ್ಚರವಾಯಿತು. ಅವರ ತಾಯಿ ಫೋನು ಮಾಡಿ ಅತ್ತರು. "ಆಂಜಿ ಈಜಿ ಬಂದು ಹಿಡಕಂಡಿರಬೇಕವ್ವಾ ಅಂತಾನ. ನಿನ್ನ ಹೊಟ್ಟಿ ತಣ್ಣಗಿರಲಿ" ಎಂದರು. ನಾನು ಅಲ್ಲ ಎನ್ನಲಿಲ್ಲ. ಅದು ಫೋನಿನಲ್ಲಿ ಹೇಳುವ ಮಾತೂ ಅಲ್ಲ.

ಇದನ್ನು ಎರಡು ಸಲ ಓದಿಕೊಂಡಿದ್ದೇನೆ. ಯಾರೂ ಹೇಳಿ ಬರೆಸಿಲ್ಲ. ನಡೆದದ್ದಕ್ಕೆ ಏನೂ ಕೂಡಿಸಿಲ್ಲ, ಏನೂ ಬಿಟ್ಟಿಲ್ಲ. ಸುಂಕಣ್ಣನನ್ನು ಇವತ್ತೇ ಮನೆಗೆ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ನನಗೆ ಇಲ್ಲೇ ಇರು ಎಂದರೆ ಇರುತ್ತೇನೆ. ಬಿಟ್ಟರೆ, ನಾಳೆ ಬೆಳಿಗ್ಗೆ 5.30ರ ಬಸ್ಸಿಗೆ ಕರ್ನೂಲಿಗೆ ಹೋಗುತ್ತೇನೆ.

ಸ್ಥಳ: ನಂದವರಂ
ದಿನಾಂಕ: 13-12-2025
ಸಹಿ: ಆಂಜಿ