ಥನಕಾ ಹಚ್ಚಿದ ಕೈ

…ಇಲ್ಲ ಅಂದ್ರೆ ಇಲ್ಲ, ನಿಲಾ! ಆ ಮುಲಾಮು ಒಳಗಿಡು. ಬೆಳಗಾದ್ರೆ ಮಗುವಿಗೆ ಕಿವಿ ಚುಚ್ಚೋ ಶಾಸ್ತ್ರ, ಅರ್ಧ ಮಂಡಾಲೆ ಬಂದು ನಮ್ಮ ಜಗಲೀಲಿ ಕೂತಿರುತ್ತೆ. ನನ್ನ ಮೊಮ್ಮಗಳು ಯೂನ್ ರಾಜಕುಮಾರಿ ಹಾಗೆ ಜರಿ ಉಟ್ಕೊಂಡು ಬರಬೇಕು. ನೀನು ಹತ್ತಿ ಅಂಗಿ ಹಾಕ್ತೀಯಂತೆ! ಹತ್ತಿ ಅಂಗಿ! ಅವಳೇನು ಸ್ನಾನಕ್ಕೆ ಹೊರಟಿದಾಳಾ?

ಯಾಕೆ ನಗ್ತೀಯಾ? ನಗು, ನಗು. ಅತ್ತೆ ಅಂದ್ರೆ ರಾಕ್ಷಸಿ ಅಲ್ವಾ ನಿನಗೆ.

ಥನಕಾ ನಾನೇ ತೇಯ್ತೀನಿ. ಈ ಕೊರಡು ನೋಡು, ತೊಗಟೆ ಎಷ್ಟು ದಪ್ಪ… ಕಲ್ಲಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಗಂಧ ತೇಯ್ದ ಹಾಗೆ ಗುಂಡಗೆ, ಗುಂಡಗೆ… ಎಂಥಾ ತಂಪು! ಕುತ್ತಿಗೆಗೆ, ಮೊಣಕೈ ಸಂದಿಗೆ ದಪ್ಪಗೆ ಬಳಿದುಬಿಟ್ರೆ ಒಂದು ಕಲೆ ಕಾಣಲ್ಲ. ಬರ್ಮಾದಲ್ಲಿ ಹುಟ್ಟಿದ ಯಾವ ಚರ್ಮಕ್ಕೆ ಥನಕಾ ಒಗ್ಗಲ್ಲ ಹೇಳು? …ಒಣಗಿದ ಮೇಲೆ ಬಿಗಿಯುತ್ತಾ? ಹೌದು, ಬಿಗಿಯುತ್ತೆ. ಒಡೆದ ಜಾಗಕ್ಕೆ ಉಪ್ಪು ಸವರಿದ ಹಾಗೆ ಉರಿಯುತ್ತೆ… ಅಂತ ಅವಳು ಅಳ್ತಾಳೆ, ಅಷ್ಟೇ. ಮಕ್ಕಳು ಯಾವುದಕ್ಕೆ ಅಳಲ್ಲ?

ಸುಮ್ನೆ ನಿಂತ್ಕೋಬೇಡ. ಆ ಬಟ್ಟಲು ಕೊಡು.

ಮತ್ತೆ, ಯಾರಾದ್ರೂ ಕೇಳಿದ್ರೆ ಹೇಳೋದನ್ನ ನಾನು ಹೇಳೇ ಹೇಳ್ತೀನಿ. ಕೋಪ ಬಂದ್ರೆ ಬರ್ಲಿ. ನಮ್ಮ ಮನೇಲಿ ಯಾರಿಗೂ ಇಸುಬು ಇಲ್ಲ. ನಿನ್ನ ಗಂಡನ ಮೈ ನೋಡಿದೀಯಲ್ಲ, ನನ್ನ ತುರೈನ್ ಮೈ… ರೇಷ್ಮೆ! ಇದು ನಿಮ್ಮ ಕಡೆಯಿಂದಲೇ ಬಂದದ್ದು. ಸಮುದ್ರದ ದಂಡೆ ಜನ ನೀವು. ಬಸುರೀಲೂ ನೀನು ಸೀಗಡಿ ಚಟ್ನಿ ಬಿಡಲಿಲ್ಲ. ಪಕ್ಕದ ಮನೆ ಸೇನ್ ಮ್ಯಾಗೂ ಹೇಳಿದೀನಿ. ಹೌದು, ಹೇಳಿದೀನಿ! …ಅದಕ್ಕೇ ಅವಳು ತನ್ನ ಮಕ್ಕಳನ್ನ ಯೂನ್ ಜೊತೆ ಆಡೋಕೆ ಬಿಡ್ತಿಲ್ವಾ? ಅದು ಅಂಟಲ್ಲ ಅಂತಾನೂ ಹೇಳಿದೆನಲ್ಲ! ಅಂಟೋದಾಗಿದ್ರೆ, ನನ್ನ ಜೊತೆ ಒಂದೇ ಚಾಪೇಲಿ ಮಲಗ್ತಿದ್ದ ನನ್ನ ತಂಗಿಗೆ…

ಏನಿಲ್ಲ. ಬಟ್ಟಲು ಕೊಡು ಅಂದೆ.

ಹೆದರಬೇಡ ಕಣೇ. ಕೂಸಾಗಿದ್ದಾಗ ಕೆನ್ನೇಲಿ ಬಂತಲ್ಲ, ಕೆಂಪಗೆ, ನೀರಾಡ್ಕೊಂಡು, ಆಮೇಲೆ ಹಕ್ಕಳೆ ಕಟ್ಕೊಂಡು? ಈಗ ಕೆನ್ನೆ ಬಿಟ್ಟು ಮೊಣಕೈ ಸಂದಿಗೆ, ಮಂಡಿ ಹಿಂದಕ್ಕೆ ಇಳಿದಿದೆ. ಅದು ಹಾಗೇ. ಅವಿತುಕೊಳ್ಳೋಕೆ ಮಡಿಕೆ ಹುಡುಕುತ್ತೆ. ಬೇಸಿಗೇಲಿ ಬೆವರು ತಾಗಿದ್ರೆ ಎದ್ದು ಕೂರುತ್ತೆ, ಚಳಿಗಾಳಿಗೆ ಒಣಗಿ ಬಿರಿಯುತ್ತೆ. ಕೆರೆದ್ರೆ… ಅಬ್ಬಾ, ಆ ಒಂದು ಕ್ಷಣ ಎಂಥಾ ಸುಖ! ಆಮೇಲೆ ಉರಿ. ಉರಿ ಆರೋದ್ರೊಳಗೆ ಮತ್ತೆ ನವೆ. ಕೆರೆದೂ ಕೆರೆದೂ ಚರ್ಮ ಈ ತೊಗಟೆ ಹಾಗೆ ಆಗಿಬಿಡುತ್ತೆ. ದೊಡ್ಡವಳಾಗ್ತಾ ಒಂದು ದಿನ ನೋಡ್ಕೊಂಡ್ರೆ… ಮಾಯ! ಅಪ್ಪನ ಕೈಲಿ ಬುದ್ಧನಿಗೆ ಚಿನ್ನದ ರೇಕು ಹಚ್ಚಿಸ್ತೀವಿ, ಪೀಡೆ ತೊಲಗಿತು ಅಂತ. ಆಮೇಲೆ ಮದುವೆ, ಮುಸುರೆ, ಸೋಪಿನ ನೀರು… ಬೆರಳ ಸಂದಿಯಿಂದ ಮೆಲ್ಲಗೆ, ಮತ್ತೆ…

ಯಾಕೆ ಹಾಗೆ ನೋಡ್ತೀಯಾ?

ಎಲ್ಲೋ ಕೇಳಿದ್ದು. ಔಷಧಿ ಅಂಗಡಿಯವನು ಹೇಳಿದ.

ಮುಖ ನೋಡಿ ಮಾತಾಡು, ಕೈ ಯಾಕೆ ನೋಡ್ತೀಯಾ? ಕೈಗೆ ಥನಕಾ ಹಚ್ಕೊಂಡ್ರೆ ತಪ್ಪಾ? ಸೇನ್ ಮ್ಯಾನೂ ಆಡ್ಕೋತಾಳೆ, ಮುದುಕಿಗೆ ಬೆರಳಿಗೂ ಶೃಂಗಾರ ಬೇಕಂತೆ ಅಂತ. ಆಡ್ಕೊಳ್ಳಲಿ. ಉದ್ದ ತೋಳಿನ ಅಂಗಿ ಯಾಕಂದ್ರೆ… ನನಗೆ ಸೆಕೆ ಆಗಲ್ಲ. ನನ್ನ ಮೈಯೇ ಹಾಗೆ.

ನಿಲಾ, ಏನಾದ್ರೂ ಅನ್ನೇ. ಬೈಯಿ! ಬೇಲಿ ಹತ್ರ ಹೋಗಿ ಸೇನ್ ಮ್ಯಾಗೆ ಕೂಗಿ ಹೇಳು ಬೇಕಾದ್ರೆ.

…ತುರೈನ್‌ಗೂ ಗೊತ್ತಿಲ್ಲ ಕಣೇ.

ಅಯ್ಯೋ, ಈ ನೀರು ಯಾಕೆ? ಬಿಡು, ತೊಳೀಬೇಡ… ಬಿಡೇ ಅಂದ್ರೆ! ಬಾಗಿಲು… ಬಾಗಿಲಾದ್ರೂ ಹಾಕ್ಕೊಂಡು ಬಾ ಮೊದಲು.

ಆ ಬೆರಳ ಸಂದೀಲಿ ಮೆಲ್ಲಗೆ. ಒಡೆದಿದೆ.

ನಾಳೆ ಸೇನ್ ಮ್ಯಾ ನನ್ನ ಬೋಳು ಕೈ ನೋಡಿದ್ರೆ… ಏನಂತ ಹೇಳ್ಲಿ?

ಅಯ್ಯೋ, ಆ ಮುಲಾಮು ಯಾಕೆ ತೆಗೆದೆ?

…ಸಾಕು, ಸಾಕು! ಅಷ್ಟೂ ನನಗೇ ಬಳೀಬೇಡ ಕಣೇ. ಬೆಳಿಗ್ಗೆ ಮಗುವಿಗೆ ಬೇಕು.