ಬರುತ್ತೆ ಅಂದ ದನಿ

ಗ್ರಾಹಕರ ದೂರು ಕಚೇರಿಯ ಬೆಂಚಿನ ಮೇಲೆ ಟೈಲರಮ್ಮ ಟೋಕನ್ ಹಿಡಿದು ಕೂತಿದ್ದಳು. ಫೋನಿನಲ್ಲೇ ನೋಡುವ ಡಾಕ್ಟರಿಗೆಂದು ದುಡ್ಡು ಕಟ್ಟಿದ್ದಳು. ಡಾಕ್ಟರೂ ಬರಲಿಲ್ಲ, ದುಡ್ಡೂ ವಾಪಸಾಗಲಿಲ್ಲ. ಕೇಳಲು ಫೋನ್ ಮಾಡಿದಾಗಲೆಲ್ಲ ‘ಬರುತ್ತೆ, ಬರುತ್ತೆ’ ಎಂದು ಆಟ ಆಡಿಸಿದ ಆ ಹೆಣ್ಣು ದನಿಗೆ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಶಾಪ ಹಾಕುತ್ತ ಬಂದಿದ್ದಳು. ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಪಿಸುಗುಡುತ್ತಿದ್ದರು.

“ಅಕ್ಕಾ, ಮನೆಗೆ ಹೋಗ್ಬಿಡೋಣ.”

“ಮನೇಲೇ ಕೂತು ಮಾಡೋ ಕೆಲಸ ಅಂತ ನಂಬಿಸಿ, ನಿನ್ನ ಹತ್ರಾನೇ ದುಡ್ಡು ಕಟ್ಟಿಸ್ಕೊಂಡ್ರು. ಸಂಬಳಾನೂ ಕೊಡ್ದೆ ನಾಪತ್ತೆ ಆದ್ರು. ಸುಮ್ನೆ ಬಿಡೋಕಾಗುತ್ತಾ?”

“ಏನು ಕೆಲಸ ಮಾಡ್ತಿದ್ದೆ ಅಂತ ಕೇಳಿದ್ರೆ?”

“ಫೋನ್ ಎತ್ತೋದು ಅನ್ನು.”

“ಎತ್ತಿ ಏನ್ ಹೇಳ್ತಿದ್ದೆ ಅಂತ? ಡಾಕ್ಟರು ಸಿಗ್ಲಿಲ್ಲ ಅಂತ ಗೋಳಾಡೋರಿಗೆಲ್ಲ, ನಿಮ್ಮ ದುಡ್ಡು ಬಂದೇ ಬರುತ್ತೆ ಅಂದೆ. ಒಬ್ರಿಗೂ ಬರ್ಲಿಲ್ವಂತೆ.”

“ಅವರು ಬರೆದುಕೊಟ್ಟಿದ್ದನ್ನ ನೀನು ಓದಿದೆ ಅಷ್ಟೆ. ನಿಂದೇನು ತಪ್ಪು?”

“ಗಾಬರಿಯಾಗ್ಬೇಡಿ ಅಮ್ಮಾ ಅಂತ ಬರೆದಿರ್ಲಿಲ್ಲ ಅಕ್ಕಾ. ಅದನ್ನ ನಾನೇ ಸೇರಿಸ್ತಿದ್ದೆ. ಒಬ್ಬಮ್ಮ ಅಂತೂ ಪ್ರತಿ ಸಲಾನೂ, ನಿನ್ನ ಬಾಯಿಗೆ ಸಕ್ಕರೆ ಹಾಕ ಮಗಳೇ ಅಂತಿದ್ರು.”

ಅದು ತನ್ನದೇ ಮಾತು ಎಂದು ಟೈಲರಮ್ಮ ತಟ್ಟನೆ ಆ ಹುಡುಗಿಯತ್ತ ತಿರುಗಿದಳು.

“ನಿನ್ನ ಮುಖ ಯಾರೂ ನೋಡಿಲ್ಲ ಕಣೇ.”

“ದನಿ ಕೇಳಿದ್ದಾರಲ್ಲ.”

ಅಷ್ಟರಲ್ಲಿ ಒಳಗಿನಿಂದ ಅವರನ್ನು ಕೂಗಿದರು. ತಂಗಿ ಎದ್ದವಳು, ಟೈಲರಮ್ಮನ ಕೈಯಿಂದ ಜಾರಿದ್ದ ಟೋಕನ್ ಎತ್ತಿಕೊಟ್ಟಳು.

“ಗಾಬರಿಯಾಗ್ಬೇಡಿ ಅಮ್ಮಾ. ನಿಮ್ಮ ಸರದೀನೂ ಬರುತ್ತೆ.”

ಬಾಯಿ ತೆರೆದರೆ ಹುಡುಗಿ ಎಲ್ಲಿ ದನಿ ಗುರುತು ಹಿಡಿಯುತ್ತಾಳೋ ಎಂದು ಟೈಲರಮ್ಮ ಬರೀ ತಲೆಯಾಡಿಸಿದಳು.