ಕ್ಯಾರಿಯರ್ ಇಲ್ಲದ ಸೈಕಲ್

ಕರೆಂಟು ಹೋಯ್ತಲ್ಲ, ಒಳ್ಳೇದೇ ಆಯ್ತು. ಇನ್ನು ಯಾರೂ ಫೋನು ನೋಡೋ ಹಾಗಿಲ್ಲ, ಚಾರ್ಜು ಉಳಿಸಬೇಕು. ಹತ್ತಿರ ಬನ್ನಿ. ಸ್ವಲ್ಪ ಮೆಲ್ಲಗೆ ಹೇಳ್ತೀನಿ... ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಸೈಕಲ್ ವಿಷಯದಲ್ಲಿ ನನ್ನೆದುರು ಬಾಯಿ ಬಿಡೋ ಗಂಡಸು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಲ್ಲಿ ಇಲ್ಲ. ಪ್ರಾಯದಲ್ಲಿ ನಾನು ಕಬ್ಬಿಣದ ಸೈಕಲ್ಲಿಗೆ ಒಂದು ಮೂಟೆ ಅಕ್ಕಿ, ಮೂಟೆ ಮೇಲೆ ಹೆಂಡತಿ, ಹೆಂಡತಿ ಮಡಿಲಲ್ಲಿ ಹಲಸಿನಹಣ್ಣು, ಇಷ್ಟನ್ನೂ ಹೇರಿಕೊಂಡು ಏರು ಹತ್ತಿದವನು. ಬ್ರೇಕ್ ಇರಲಿಲ್ಲ. ಇಳಿಜಾರಲ್ಲಿ ಚಪ್ಪಲಿಯೇ ಬ್ರೇಕು. ಒಂದು ಸಲ ಚಪ್ಪಲಿ ಸವೆದು, ಹಿಮ್ಮಡಿ ಸವೆದು, ಇನ್ನೇನು ಮೊಣಕಾಲು ನೆಲಕ್ಕೆ ತಾಗಬೇಕು... ನೋಡಿ, ನಿಮ್ಮ ಪ್ರೇಮಕ್ಕ ಒಳಗಿಂದ ನಗ್ತಿದಾಳೆ. ಹಲಸಿನಹಣ್ಣು ಸುಳ್ಳಂತೆ. ಆಯ್ತು ಮಾರಾಯ್ತಿ, ಹಲಸಿನಹಣ್ಣು ಬಿಟ್ಟೆ.

ಆದರೆ ಈಗ ಹೇಳೋದರಲ್ಲಿ ಹಲಸಿನಹಣ್ಣು ಇಲ್ಲ.

ನನ್ನ ಅಕ್ಕನ ಮಗ ಯಶವಂತ ಗೊತ್ತಲ್ಲ. ಕೊಪ್ಪದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಹೆಂಡತಿ ಗಗನಾ. ಮಗಳು ನಿಶ್ಚಿತಾ, ಇನ್ನೂ ಅಂಗನವಾಡಿಗೆ ಹೋಗೋ ಕೂಸು. ಅಪ್ಪ ಮನೆಗೆ ಬಂದ ಕೂಡಲೇ ಉಪ್ಪುಮೂಟೆ ಅಂತ ಬೆನ್ನಿಗೆ ಹತ್ತಿದರೆ ಊಟಕ್ಕೆ ಕರೆಯೋ ತನಕ ಇಳಿಯೋದಿಲ್ಲ. ಅಂಥದ್ದು.

ಇವನಿಗೆ ಫೋನಿನಲ್ಲಿ ಒಂದು ಹುಚ್ಚು ಹಿಡೀತು. ಇಂಗ್ಲೆಂಡಿನ ಹಳ್ಳಿ ಕಡೆ ಸೈಕಲ್ ಹೊಡೆಯೋ ವಿಡಿಯೋ. ನನಗೂ ತೋರಿಸಿದ. ಎತ್ತ ನೋಡಿದರೂ ಹಸಿರು ದಿಬ್ಬ, ರಸ್ತೆ ಏರೋದು, ಇಳಿಯೋದು, ಮತ್ತೆ ಏರೋದು. ಎರಡೂ ಕಡೆ ಒಪ್ಪವಾಗಿ ಕತ್ತರಿಸಿದ ಬೇಲಿ. ನಡುವೆ ಬೆನ್ನು ಬಗ್ಗಿಸಿಕೊಂಡು ಒಂದಷ್ಟು ಜನ. ಎಲ್ಲಿಗೆ ಹೋಗ್ತಾರೋ ಇವರು ಅಂದೆ. ಎಲ್ಲಿಗೂ ಇಲ್ಲ ಮಾವ, ಹೊರಟಲ್ಲಿಗೇ ವಾಪಸ್ ಬರ್ತಾರೆ, ಅದಕ್ಕೆ ಲೂಪ್ ಅಂತಾರೆ, ಇಲ್ಲೇ ಕೊಪ್ಪದ ಹತ್ರ ನಮ್ಮ ನಾರ್ವೆ ಊರಿನ ಕಡೆ ರಸ್ತೆಯೂ ಹೀಗೇ ಅಲ್ದಾ ಅಂದ. ನಾನು ಒಂದು ವಿಷಯ ಗಮನಿಸಿದೆ. ಆ ವಿಡಿಯೋದಲ್ಲಿ ರಸ್ತೆ ಮೇಲೆ ನಡ್ಕೊಂಡು ಹೋಗೋರು ಒಬ್ಬರೂ ಇರಲಿಲ್ಲ.

ಯಾರೋ ಬಳಸಿ ಬಿಟ್ಟ ರೇಸ್ ಸೈಕಲ್ ತಂದ. ಹಗುರ ಅಂದರೆ ಹಗುರ, ಒಂದು ಕೈಯಲ್ಲಿ ಎತ್ತಬಹುದು. ಹಾವಿನ ಹಾಗೆ ತೆಳ್ಳಗಿನ ಟಯರು. ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ. ಸೀಟಿನ ಹಿಂದೆ ಬರೀ ಗಾಳಿ. ಅಂಗಡಿ ಮುಚ್ಚಿದ ಮೇಲೆ ಕೊಪ್ಪದಿಂದ ಹೊರಟು, ನಾರ್ವೆ ಕಡೆ ಹೋಗಿ, ಹಿರೇಕೊಡಿಗೆ ಸುತ್ತಿ ಮತ್ತೆ ಕೊಪ್ಪ. ದಿನಾ. ಭಾನುವಾರ ನರಸಿಂಹರಾಜಪುರದ ತನಕ.

ಕಾರ್ತಿಕದ ಒಂದು ಸಂಜೆ. ಬೇಗ ಕತ್ತಲೆ ಕಟ್ಟಿತ್ತು, ಮಂಜು ಬೇರೆ. ನಾರ್ವೆ ದಾಟಿದ ಮೇಲೆ ಒಂದು ತಿರುವು ಬರುತ್ತೆ. ಅಲ್ಲೊಂದು ಗೋಳಿಮರ, ಅದರ ಬುಡದಲ್ಲಿ ಕಟ್ಟೆ ಇಲ್ಲದ ಹಳೇ ಬಾವಿ. ಇವನು ಇಳಿಜಾರಲ್ಲಿ ಪೆಡಲ್ ನಿಲ್ಲಿಸಿ ಬರ್ತಿದ್ದ. ಆ ಸೈಕಲ್ ಪೆಡಲ್ ನಿಲ್ಲಿಸಿದರೆ ಹಿಂದಿನ ಚಕ್ರ ಜೀರುಂಡೆ ಥರ ಕೂಗುತ್ತೆ... ಟಿರ್‍ರ್‍ರ್... ಬೇರೆ ಸದ್ದಿಲ್ಲ.

ಮರದ ಕೆಳಗೆ ಒಬ್ಬಳು ಹೆಂಗಸು ನಡ್ಕೊಂಡು ಹೋಗ್ತಿದ್ದಳು. ತೋಟದ ಕೆಲಸ ಮುಗಿಸಿ ಬಂದೋರ ಹಾಗೆ. ಕೈಯಲ್ಲಿ ಸ್ಟೀಲಿನ ಬುತ್ತಿ ಡಬ್ಬಿ, ಒಳಗೆ ಚಮಚ. ಹೆಜ್ಜೆಗೊಂದು ಸಲ... ಕಣ್... ಕಣ್...

ಈಗ ನೀವೇ ಹೇಳಿ. ನಮ್ಮ ಕಡೆ ಗಾಡಿ ಮೇಲೆ ಹೋಗೋನು ನಡೆಯೋರನ್ನ ಕಂಡರೆ ಎಂತ ಕೇಳ್ತಾನೆ? "ಬರ್ತೀರಾ?" ಅಂತ ಕೇಳ್ತಾನೆ. ಜಾಗ ಇದೆಯೋ ಇಲ್ಲವೋ, ಅದು ಬೇರೆ ಪ್ರಶ್ನೆ. ಕೇಳದಿದ್ದರೆ ಮನೆಯೋರು ನೆಟ್ಟಗೆ ಬೆಳೆಸಿಲ್ಲ ಅಂತ ಅರ್ಥ. ನಾನು ಎಮ್ಮೆ ಮೇಲೆ ಕೂತು ಬರುವಾಗಲೂ ಕೇಳಿದವನು. ಅವರು "ಇಲ್ಲ, ಇಲ್ಲೇ ಹತ್ರ, ನೀವು ಹೋಗಿ" ಅಂತಾರೆ. ಅಲ್ಲಿಗೆ ಮುಗೀತು.

ಇವನೂ ಪಕ್ಕದಲ್ಲಿ ಬ್ರೇಕ್ ಹಿಡಿದು ಬಾಯಿ ಅಭ್ಯಾಸಕ್ಕೆ ಕೇಳಿದ. ಕ್ಯಾರಿಯರ್ ಇಲ್ಲ ಅನ್ನೋದು ಕೇಳಿದ ಮೇಲೆ ನೆನಪಾಯ್ತು.

"ಬರ್ತೀರಾ?"

ಅವಳು ನಿಂತಳು. ಡಬ್ಬಿ ಸದ್ದೂ ನಿಂತಿತು.

"ಎಲ್ಲೀತನಕ ಹೋಗ್ತೀರಿ?"

ಅದೂ ವಾಡಿಕೆ ಪ್ರಶ್ನೆಯೇ. ಅವನು ದಾರಿಯಲ್ಲಿ ಎಲ್ಲರಿಗೂ ಕೊಡೋ ಉತ್ತರ ಕೊಟ್ಟ.

"ಎಲ್ಲಿಗೂ ಇಲ್ಲ. ಸುಮ್ನೆ ಒಂದು ಸುತ್ತು."

ಆಮೇಲೆ ಕಿವಿ ಹತ್ತಿರ...

"ನಾನೂ ಅಲ್ಲಿಗೇ."

ಸೈಕಲ್ ಹಿಂದಕ್ಕೆ ಜಗ್ಗಿತು. ಒಬ್ಬರು ಅಡ್ಡ ಕೂತರೆ ಹೇಗೆ ಜಗ್ಗುತ್ತೋ ಹಾಗೆ. ಸೊಂಟದ ಎಡಗಡೆ ಒಂದು ಕೈ ಹಿಡಿದುಕೊಂಡಿತು.

ಹೆದರಿಕೆ ಆಗಲಿಲ್ವನಾ ಅಂತ ನಾನು ಆಮೇಲೆ ಕೇಳಿದೀನಿ. "ಇಲ್ಲ ಮಾವ. ಎಂತದೂ ಆಗಲಿಲ್ಲ" ಅಂದ. ಅದೇ ಕೆಟ್ಟದ್ದು. ಅವನು ಪೆಡಲ್ ತುಳಿದ. ಏರು ಬಂತು, ತುಳಿದ. ಹಿಂದೆ ಸೆರಗಿನ ತುದಿ ಚಕ್ರದ ಕಡ್ಡಿಗೆ ಬಡೀತಿತ್ತು... ಪಟ ಪಟ ಪಟ... ಇವನು ತಿರುಗಿ ನೋಡದೆ, "ಸೆರಗು ಜೋಪಾನ" ಅಂದ. ಸದ್ದು ನಿಂತಿತು. ಕೊಪ್ಪದ ದೀಪಗಳು ಕಂಡವು. ಮನೆ ಬಂತು. ಸೈಕಲ್ ಗೋಡೆಗೆ ಒರಗಿಸಿ ಒಳಗೆ ಹೋಗಿ ಊಟ ಮಾಡಿದ. ಅವಳು ಎಲ್ಲಿ ಇಳಿದಳು ಅಂತ ಯೋಚನೆ ಕೂಡ ಬರಲಿಲ್ಲವಂತೆ.

ಮಾರನೇ ದಿನದಿಂದ ಶುರು. ಕೈ ಹಿಡಿದಿದ್ದ ಜಾಗ ಮರಗಟ್ಟಿತ್ತು. ಒಂದು ಅಂಗೈ ಅಗಲ. ಆಮೇಲೆ ಅದು ಬೆನ್ನಿಗೆ ಹರಡಿತು. ಬಿಸಿನೀರು ಸುರಿದುಕೊಂಡರೆ ಬಿಸಿ ತಾಗೋದಿಲ್ಲ. ಅಂಗಡಿಯಲ್ಲಿ ಮೋಟಾರು ಬೆನ್ನಿಗೆ ಗುದ್ದಿ ಅಂಗಿ ರಕ್ತ ಆದರೂ ಬೇರೆಯವರು ಹೇಳಬೇಕು. ಡಾಕ್ಟರು ನರ ನೋಡಿದರು, ರಕ್ತ ನೋಡಿದರು, ಎಲ್ಲ ಸರಿ ಇದೆ ಅಂದರು. ಇವನು ದಿನಾ ಸಂಜೆ ಅದೇ ಸುತ್ತು ಹೋಗಿ ಬರ್ತಿದ್ದ. ಬೇಕು ಅಂತಲ್ಲ, ಬೇಡ ಅಂತಲೂ ಅಲ್ಲ. ಊಟ ಹಾಕಿದರೆ ಉಂಡ. ಹಾಕದಿದ್ದರೆ ಕೇಳಲಿಲ್ಲ.

ಅದಕ್ಕೂ ಗಗನಾ ಫೋನು ಮಾಡಿರಲಿಲ್ಲ. ಮಾಡಿದ್ದು ಕೂಸಿನ ಮಾತಿಗೆ. ಆಗಲೇ ಎಷ್ಟೋ ದಿನದಿಂದ ನಿಶ್ಚಿತಾ ಅಪ್ಪನ ಬೆನ್ನು ಹತ್ತಿರಲಿಲ್ಲ. ಯಾಕೆ ಮಗಾ, ಉಪ್ಪುಮೂಟೆ ಬೇಡವಾ ಅಂತ ಅಮ್ಮ ಕೇಳಿದರೆ, ಕೂಸು ಆಟದ ಸಾಮಾನಿಂದ ತಲೆ ಎತ್ತದೆ ಹೇಳ್ತಂತೆ.

"ಜಾಗ ಇಲ್ಲ."

ಗಗನಾ ಫೋನಿನಲ್ಲಿ ಅಳಲಿಲ್ಲ. "ಮಾವ, ಅವರು ಮನೇಲೇ ಇದಾರೆ, ಆದರೆ ಇಲ್ಲ. ಇನ್ನು ಸ್ವಲ್ಪ ದಿನ ಹೋದರೆ ಕೂಸು ಅವರನ್ನ ಮರೀತದೆ" ಅಂದಳು.

ನಾನು ಸ್ಕೂಟರ್ ತಗೊಂಡು ಕೊಪ್ಪಕ್ಕೆ ಹೋದೆ. ಯಶವಂತನ ಎದುರು ಕೂತು ಮೊದಲಿಂದ ಕೇಳಿದೆ. "ಎಲ್ಲಿಗೂ ಇಲ್ಲ" ಅಂದದ್ದು ಬಂತಲ್ಲ, ಅಲ್ಲಿ ತಡೆದೆ.

"ಅಲ್ಲವೋ, ಎಲ್ಲಿಗೂ ಇಲ್ಲ ಅಂದರೆ ಅವಳು ಇಳಿಯೋದು ಎಲ್ಲಿ?"

ಅವನು ಕೈ ಹಿಂದಕ್ಕೆ ಹಾಕಿ ಬೆನ್ನು ತಡವಿಕೊಂಡ.

ಒಂದು ಊರಿನ ಹೆಸರು ಹೇಳು, ಅಲ್ಲಿಗೇ ಹೋಗು, ಅಲ್ಲೇ ಇಳಿ, ವಾಪಸ್ ಬರೋ ಸುತ್ತು ಬೇಡ ಅಂದೆ. ಯಾವ ಊರು ಅಂದ. ಈಗ ನನ್ನ ಬಾಯಿ ನಿಮಗೆ ಗೊತ್ತಲ್ಲ. "ನಮ್ಮನೆಗೇ ಕರ್ಕೊಂಡು ಬಾ ಮಾರಾಯ. ನನ್ನ ಕತೆ ಎರಡು ಕೇಳಿದರೆ ಎಂಥ ದೆವ್ವವಾದರೂ ಕೈಮುಗಿದು ಎದ್ದು ಹೋಗುತ್ತೆ" ಅಂದುಬಿಟ್ಟೆ.

ಹಾಡುಹಗಲಲ್ಲೇ ಹೊರಟೆವು. ಮೊದಲು ಆ ಗೋಳಿಮರದ ಹತ್ತಿರ ಹೋದೆವು. ಅವನು ಸೈಕಲ್ ಮೇಲೆ ಕೂತು ಒಂದು ಕಾಲು ನೆಲಕ್ಕೆ ಊರಿ, ಹಿಂದೆ ತಿರುಗದೆ ಹೇಳಿದ.

"ಅಡ್ಡಗದ್ದೆಗೆ ಹೋಗ್ತಿದೀನಿ. ಮಾವನ ಮನೆಗೆ. ಅಲ್ಲೀತನಕ."

ಕಾಲೆತ್ತಿ ಪೆಡಲ್ ಮೇಲಿಟ್ಟು ಹೊರಟ.

ನಾನು ಸ್ಕೂಟರಲ್ಲಿ ಹಿಂದೆ. ಬಿಸಿಲು ಚೆನ್ನಾಗಿತ್ತು. ಮುಂದೆ ಅವನ ಬೆನ್ನು, ಸೀಟು, ಸೀಟಿನ ಹಿಂದೆ ಖಾಲಿ. ಏನೂ ಇಲ್ಲ. ಆದರೆ ಒಂದು ಹಂಪ್ ಬಂತು. ಸೈಕಲ್ ಹಾರಿ ಇಳೀತು.

ಕಣ್... ಅಂತು.

ನಾನು ಅಲ್ಲಿಂದ ಮನೆ ತನಕ ಒಂದು ಮಾತೂ ಆಡಲಿಲ್ಲ. ಪ್ರೇಮಕ್ಕನಿಗೆ ಅದನ್ನೇ ನಂಬೋಕೆ ಆಗೋದಿಲ್ಲ, ಉಳಿದದ್ದೆಲ್ಲ ನಂಬ್ತಾಳೆ.

ನಮ್ಮ ಅಂಗಳಕ್ಕೆ ಬಂದು ಯಶವಂತ ಇಳಿದ. ಇಳಿದವನು ಸೊಂಟಕ್ಕೆ ಕೈ ಇಟ್ಟು ಹಾಗೇ ನಿಂತ.

"ಮಾವ, ಬೆನ್ನು ನೋಯ್ತಿದೆ."

ಅಂದವನು ಜಗಲಿ ಮೇಲೆ ಕೂತು, ಚಿಕ್ಕ ಮಕ್ಕಳ ಹಾಗೆ, ನೋಯ್ತಿದೆ ನೋಯ್ತಿದೆ ಅಂತ ಅತ್ತ. ಪ್ರೇಮಕ್ಕ ಎಣ್ಣೆ ಕಾಯಿಸಿ ಹಚ್ಚಿದಳು. ಸುಡುತ್ತೆ ಅಂದ. ನನಗೆ ಅಷ್ಟು ಸಾಕಾಯ್ತು. ಸೈಕಲ್ ನಮ್ಮ ಕೊಟ್ಟಿಗೆಗೆ ಸೇರಿಸಿ, ಅವನನ್ನ ಬಸ್ಸು ಹತ್ತಿಸಿದೆ. ಸಂಜೆ ಗಗನಾ ಫೋನು ಮಾಡಿದಳು. ಈ ಸಲ ಅಳ್ತಿದ್ದಳು. ಕೂಸು ಅಪ್ಪನ ಬೆನ್ನಿಂದ ಇಳೀತಾ ಇಲ್ಲ ಮಾವ, ಉಣ್ಣೋಕೂ ಇಳೀತಾ ಇಲ್ಲ ಅಂದಳು.

ಇಲ್ಲಿಗೆ ನಿಲ್ಲಿಸಿದರೆ ನಾನು ದೆವ್ವ ಇಳಿಸಿದ ಗಂಡು. ನಿಲ್ಲಿಸಬಹುದಿತ್ತು.

ಸೈಕಲ್ ಇನ್ನೂ ಕೊಟ್ಟಿಗೆಯಲ್ಲೇ ಇದೆ. ದನ ಕೊಟ್ಟು ವರ್ಷಗಳಾದವು, ಬೇರೆ ಏನೂ ಇಲ್ಲ ಅಲ್ಲಿ. ಮೊದಮೊದಲು ನಾನು ದಿನಾ ಹೋಗಿ ಬಾಗಿಲಲ್ಲಿ ನಿಂತು ಒಂದು ಕತೆ ಹೇಳ್ತಿದ್ದೆ. ಕೊಟ್ಟ ಮಾತು. ಎಮ್ಮೆ ಕತೆ ಆಯ್ತು, ಚಪ್ಪಲಿ ಬ್ರೇಕಿನ ಕತೆ ಆಯ್ತು, ಹಲಸಿನಹಣ್ಣಿಂದೂ ಆಯ್ತು. ನಗು ಇಲ್ಲ, ಸದ್ದಿಲ್ಲ. ಈಗ ಹೋದರೆ ಬಾಯಿಗೆ ಏನೂ ಬರೋದಿಲ್ಲ. ಸುಮ್ಮನೆ ನಿಂತು ವಾಪಸ್ ಬರ್ತೀನಿ. ಬೇಸರವೂ ಇಲ್ಲ, ಹೆದರಿಕೆಯೂ ಇಲ್ಲ.

ನಗಬೇಡಿ. ನಾನು ಹೇಳಿದ್ದರಲ್ಲಿ ಎಮ್ಮೆ ಸುಳ್ಳಿರಬಹುದು, ಇದು ನಡೆದದ್ದು. ಯಶವಂತ ಕೊಪ್ಪದಲ್ಲಿದಾನೆ, ಕೇಳಿ. ಅಷ್ಟು ದೂರ ಬೇಡ ಅಂದರೆ ಟಾರ್ಚ್ ತಗೊಳ್ಳಿ, ಕೊಟ್ಟಿಗೆ ಇಲ್ಲೇ ಇದೆ. ಮಣ್ಣಿನ ನೆಲ, ಗಟ್ಟಿ ನೆಲ. ಗೋಡೆಗೆ ಒರಗಿಸಿಟ್ಟ ಸೈಕಲ್, ಯಾರೂ ಮುಟ್ಟಿಲ್ಲ. ಮುಂದಿನ ಚಕ್ರದ ಕೆಳಗೆ ಒಂದು ಗೆರೆ ಕೂಡ ಬಿದ್ದಿಲ್ಲ.

ಹಿಂದಿನದು ಎರಡು ಬೆರಳಿನಷ್ಟು ಹೂತಿದೆ.